ಒಂದು ಗಂಟೆ ಎಂಟು ನಿಮಿಷ

ದೇಜಪ್ಪನ ಪೆಟ್ಟಿಗೆಗೆ ಮುಚ್ಚಳವಿಲ್ಲ.
ಯಾವುದೋ ಆಫೀಸು ಬಿಸಾಡಿದ ಕಂಪ್ಯೂಟರಿಗೆ
ಟೀವಿ ಕಾರ್ಡು ಸಿಕ್ಕಿಸಿ, ತಾರಸಿಯ ಡಿಶ್ಶಿನಿಂದ
ಏಸಿಯ ತೂತಿನಲ್ಲೇ ಕೇಬಲ್ಲು ಇಳಿಸಿ
ಗುದೈಬಿಯಾದ ಈ ಮೂರನೇ ಮಾಳಿಗೆಗೆ
ಊರನ್ನು ತಂದವನು ಅವನು.

ಮೊದಮೊದಲು ನಿಲ್ಲಿಸಿದ ಚಿತ್ರ ಹೋಗಿ ಕೂರುತ್ತಿದ್ದದ್ದು
ಹಾರ್ಡ್ ಡಿಸ್ಕಿನಲ್ಲಿ. ಅದೋ ಮುದಿ ಮಾಲು,
ಚಳಿಜ್ವರ ಬಂದವರ ಹಾಗೆ ಕಟಕಟ ಹಲ್ಲು ಕಡಿಯುವುದು.
ಕೆಳಗಿನ ಮಂಚದ ವಾಲೇರಿಯನ್ನನಿಗೆ
ಬೇಕರಿಯಲ್ಲಿ ರಾತ್ರಿಪಾಳಿ, ಸಂಜೆ ನಿದ್ದೆ.
ಕಣ್ಣು ಬಿಡದೆಯೇ ಚಪ್ಪಲಿ ಎಸೆಯುತ್ತಿದ್ದ.
ಎರಡು ಸಲ ಗುರಿ ತಪ್ಪಲಿಲ್ಲ.

ಹಾಗಾಗಿ ಮೆಮೊರಿ.
ಚೌಕಾಸಿ ಮಾಡಿ ಹನ್ನೊಂದು ದಿನಾರಿಗೆ ತಂದ
ಎರಡು ಹಸಿರು ಪಟ್ಟಿ, ಬಾಚಣಿಗೆಯಷ್ಟುದ್ದ.
"ಇದರಲ್ಲಿ ತಿರುಗುವುದು ಏನೂ ಇಲ್ಲ, ಸದ್ದಿಲ್ಲ," ಎಂದ ದೇಜಪ್ಪ.
"ಪ್ಲಗ್ಗು ಕಿತ್ತರೆ ನೆನಪೂ ಇಲ್ಲ.
ಹಿಡಿಯುವುದು ಒಂದು ಗಂಟೆ ಎಂಟು ನಿಮಿಷ.
ಆಮೇಲೆ ಹಳತನ್ನು ಅಳಿಸಿ ಅಲ್ಲೇ ಹೊಸತು."
ಹಮ್ಮಬ್ಬ ಬೆರಳು ಮಡಚಿ ಲೆಕ್ಕ ಹಾಕಿದ:
ಊರಿನ ಗಡಿಯಾರಕ್ಕೆ ನಾವು ಹೇಗೂ ಎರಡೂವರೆ ಗಂಟೆ ಹಿಂದೆ,
ಇದೂ ಸೇರಿದರೆ ಮೂರೂವರೆ ದಾಟಿತು.

ಆ ಭಾನುವಾರ ಕಂಬಳ, ನೇರಪ್ರಸಾರ.
ಹಗ್ಗ ಕಿರಿಯ, ಫೈನಲ್.
ಓಡಿಸುವವನು ವಾಲೇರಿಯನ್ನನ ತಮ್ಮ ಸಿರಿಲ್.
ಎಬ್ಬಿಸಿದರೆ ರಾತ್ರಿಯಿಡೀ ಒಲೆಯ ಮುಂದೆ ತೂಕಡಿಸುತ್ತಾನೆ,
ಹೋದ ತಿಂಗಳು ಸುಟ್ಟುಕೊಂಡ ಮೊಣಕೈ ಇನ್ನೂ ಕೆಂಪು.
ಎಬ್ಬಿಸದಿದ್ದರೆ...
ಅಲಾರಮಿಗೆ ಇನ್ನು ಒಂದು ಗಂಟೆ ಐದು ನಿಮಿಷ.
ದೇಜಪ್ಪ ಗುಂಡಿ ಒತ್ತಿದ.

ನಿಂತಿತು.
ನಾಲ್ಕು ಮುಂಗಾಲು ಗಾಳಿಯಲ್ಲಿ,
ಹಗ್ಗಕ್ಕೆ ಜೋತ ಸಿರಿಲ್‌ನ ಬಾಯಿ ತೆರೆದಂತೆಯೇ,
ಎದ್ದ ಕೆಸರುನೀರು ಬೀಳಲಿಲ್ಲ.
ಒಂದು ಹನಿಯಂತೂ ಕ್ಯಾಮೆರಾದ ಗಾಜಿಗೆ ಇನ್ನೇನು ತಾಗಬೇಕು.

ನಾವು ಮೂವರೂ ಫೋನುಗಳನ್ನು ಅಕ್ಕಿಡಬ್ಬಿಯೊಳಗೆ ಹೂತೆವು.
ಅಲ್ಲೂ ಅವು ಗುರ್ರೆಂದವು.
ಊರಿಗೆಲ್ಲ ಗೊತ್ತಾಗಿ ಹೋಗಿತ್ತು.
ಮೀನು ಹುರಿಯಲಿಲ್ಲ, ವಾಸನೆಗೆ ಎದ್ದಾನೆಂದು.
ಗ್ಯಾಸಿನ ಪಾಲಿಗೆ ಪಿಸುದನಿಯಲ್ಲಿ ಜಗಳವಾಡಿದೆವು;
ಪಿಸುದನಿಯ ಜಗಳ ಬೇಗ ಮುಗಿಯುತ್ತದೆ.
ನಾನು ಆ ನೀರನ್ನೇ ನೋಡುತ್ತ ಕೂತೆ.
ಅಷ್ಟು ಹೊತ್ತು ಊರಿನ ನೀರು ನೋಡಿ ಮೂರು ವರ್ಷವಾಗಿತ್ತು.

ಅಲಾರಂ ಹೊಡೆಯಿತು.
ವಾಲೇರಿಯನ್ ಎದ್ದ. ತಮ್ಮನನ್ನು ಕಂಡ.
"ತಡೀರಿ ಮಾರಾಯ್ರೆ, ಮುಖ ತೊಳೆದು ಬರ್ತೇನೆ."
ಪೂಜೆಗೆ ಹೊರಟವನ ಹಾಗೆ ಬಾಚಣಿಗೆಯನ್ನೂ ಒಯ್ದ.
ನಲ್ಲಿಯ ಸದ್ದು. ನಿಂತಿತು. ಮತ್ತೆ ಸದ್ದು.

ಆಗ, ಯಾರೂ ಒತ್ತದೆ,
ಆ ಹನಿ ಗಾಜಿಗೆ ತಾಗಿತು.

ದೇಜಪ್ಪ ಗುಂಡಿ ಕುಟ್ಟಿದ, ಕುಟ್ಟಿದ.
ಹಮ್ಮಬ್ಬ ಎರಡೂ ಕೈಯಲ್ಲಿ ಪರದೆಯನ್ನೇ ತಬ್ಬಿದ,
ಮಂಜೊಟ್ಟಿಯಲ್ಲಿ ನಿಂತು ಕೋಣ ಹಿಡಿಯುವವರ ಹಾಗೆ.
ಹನ್ನೆರಡು ಸೆಕೆಂಡು.

ಮುಖದಿಂದ ನೀರಿಳಿಸುತ್ತ ಅವನು ಬಂದಾಗ
ಅಡುಗೆ ಎಣ್ಣೆಯ ಜಾಹೀರಾತು.
"ಹಿಂದಕ್ಕೆ ತಿರುಗಿಸು."
"ಹಿಂದೆ ಇಲ್ಲ," ಎಂದ ದೇಜಪ್ಪ, ನೆಲ ನೋಡಿ.

ಹಮ್ಮಬ್ಬ ಲುಂಗಿ ಎತ್ತಿ ಕಟ್ಟಿದ.
ಎರಡು ದಿಂಬು ಕೋಣಗಳು, ಚಾರ್ಜರಿನ ವೈರು ಹಗ್ಗ,
ಬಾಗಿಲಿನಿಂದ ಕಿಟಕಿಯವರೆಗೆ ಏಳು ಹೆಜ್ಜೆಯ ಕರೆ.
ಓಡಿದ. ನಡುವೆ ಸಿರಿಲ್‌ನ ಎಡಗಾಲು ಜಾರಿದಲ್ಲಿ ಜಾರಿದ,
ಏಳುವಾಗ ಅವನಂತೆಯೇ ಬೈದ,
ಕೊನೆಗೆ ಎದುರು ಜೋಡಿಯ ಮೂತಿ ಒಂದು ಗೇಣು ಮುಂದೆ
ಎಂಬುದನ್ನೂ ಕೈಯಲ್ಲಿ ಅಳೆದು ತೋರಿಸಿದ.

ವಾಲೇರಿಯನ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನೋಡಿದ.
ಕೆಳಗೆ ಬೇಕರಿಯ ವ್ಯಾನು ಹಾರನ್ ಹೊಡೆಯುತ್ತಿತ್ತು.
"ಇನ್ನೊಮ್ಮೆ," ಎಂದ.

ಎರಡನೇ ಸಲ ಸಿರಿಲ್ ಗೆದ್ದ.
ಅಕ್ಕಿಡಬ್ಬಿ ಇನ್ನೂ ಗುರ್ರೆನ್ನುತ್ತಿತ್ತು.